ಕಿಟಕಿಯ ತೆರೆ, ಮನೆಯ ಹಾಸು

ಕನ್ನಡದಲ್ಲಿ 'ತೆರೆ' ಎಂಬುದೊಂದು ಕೌತುಕದ ಮಾತು. ಕ್ರಿಯಾಪದವಾಗಿ ಬಳಸಿದರೆ ಅದು ಮುಚ್ಚಿದ್ದನ್ನು ಬಿಚ್ಚುತ್ತದೆ. ನಾಮಪದವಾಗಿ ಬಳಸಿದರೆ ಬಿಚ್ಚಿದ್ದನ್ನು ಮುಚ್ಚುತ್ತದೆ. ಹಳಗನ್ನಡದಲ್ಲಿ ಇವು ಎರಡು ಬೇರೆ ಶಬ್ದಗಳು. ಬಾಗಿಲನ್ನು 'ತೆಱೆ'ಯುವ ಕ್ರಿಯೆಗೆ ಶಕಟರೇಫವಿತ್ತು. ಮರೆ ಮಾಡುವ 'ತೆರೆ'ಗೆ ಸಾಮಾನ್ಯ ರೇಫ. ಶಕಟರೇಫವು ಬಳಕೆಯಿಂದ ಜಾರಿದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದು ನಿಂತವು. ಈ ಎರಡನೆಯ ತೆರೆಗೆ ಅಲೆ ಎಂಬ ಅರ್ಥವೂ ಉಂಟು. ಕಡಲಿನಲ್ಲೇಳುವುದೂ ತೆರೆಯೇ, ಕಿಟಕಿಗೆ ಇಳಿಬಿಡುವುದೂ ತೆರೆಯೇ. ತಮಿಳಿನ 'ತಿರೈ'ಯೂ ಹೀಗೆಯೇ. ನಾವು ಇಂದು ಹೆಚ್ಚಾಗಿ ಬಳಸುವ 'ಪರದೆ' ಪಾರಸಿಯಿಂದ ಬಂದ ನೆಂಟ.

ಕನ್ನಡ ಮೇಷ್ಟರಾಗಿದ್ದವನು ಗೃಹಾಲಂಕಾರದ ಮಾತಿಗೆ ಹೊರಟರೆ ನಿಘಂಟಿನ ಬಾಗಿಲಿನಿಂದಲೇ ಒಳಗೆ ಬರುತ್ತಾನೆಂದು ಕೇಳುಗರು ನಕ್ಕಾರು. ಆದರೆ ಈ ಅರ್ಥಗಳನ್ನು ನೆನಪಿನಲ್ಲಿಟ್ಟುಕೊಂಡರೆ ಪರದೆಯ ವಿದ್ಯೆ ಅರ್ಧ ತಿಳಿದಂತೆಯೇ. ಮುಚ್ಚುವಷ್ಟೇ ಸುಲಭವಾಗಿ ಅದು ತೆರೆಯಬೇಕು. ಮತ್ತು ಅದರಲ್ಲಿ ಅಲೆಯಿರಬೇಕು.

ಕಿಟಕಿಗೂ ನಮ್ಮಲ್ಲಿ ಹಲವು ಹೆಸರುಗಳುಂಟು. ಬೆಳಕಿಂಡಿ ಬೆಳಕನ್ನು ತರುವುದು, ಗವಾಕ್ಷ ಕಣ್ಣಿನಂತೆ ಹೊರಗೆ ನೋಡುವುದು, ಜಾಲಂದ್ರ ಎರಡನ್ನೂ ಸೋಸಿ ಕೊಡುವುದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ತೆರೆದಿದ್ದ ಅದರ ನವರಂಗಕ್ಕೆ ಕಲ್ಲಿನ ಜಾಲಂದ್ರಗಳು ಬಂದದ್ದು ಆಮೇಲೆ, ಎರಡನೆಯ ಬಲ್ಲಾಳನ ಕಾಲದಲ್ಲಿ. ಬೆಳಕು ಬೇಕು, ಆದರೆ ಬಿಸಿಲಿನ ಝಳ ಬೇಡ. ಗಾಳಿ ಬೇಕು, ಆದರೆ ಪೂರ್ತಿ ಬಯಲಾಗುವುದು ಬೇಡ. ಅರಿವೆಯ ಪರದೆಯನ್ನು ಹೊಲಿಸುವ ಗೃಹಸ್ಥನ ಮುಂದಿರುವುದೂ ಇದೇ ಸಮಸ್ಯೆ.

ಆದ್ದರಿಂದ ಮೊದಲು ಕೇಳಬೇಕಾದದ್ದು ಬಣ್ಣವನ್ನಲ್ಲ, ದಿಕ್ಕನ್ನು. ದಕ್ಷಿಣದ ಕಿಟಕಿಗೆ ಸಜ್ಜವೊಂದಿದ್ದರೆ ಸಾಮಾನ್ಯವಾಗಿ ಸಾಕು. ಮೇಲಿನಿಂದ ಬೀಳುವ ಬಿಸಿಲನ್ನು ಅದು ತಡೆಯುತ್ತದೆ. ಪೂರ್ವ ಪಶ್ಚಿಮಗಳಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಕಿರಣಗಳು ಸಜ್ಜದ ಕೆಳಗೇ ನುಸುಳಿಬರುತ್ತವೆ. ಉತ್ತರಕ್ಕೆ ಬಿಸಿಲೇ ಬಾರದೆಂಬ ಮಾತು ನಮ್ಮ ನಾಡಿಗೆ ಪೂರ್ತಿ ಸಲ್ಲದು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಇನ್ನೊಂದು ಮಾತು: ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಪರದೆಯಿಂದ ತಡೆದರೆ ಕಣ್ಣಿಗೆ ತಂಪಾದೀತು, ಕೋಣೆಗೆ ಅಷ್ಟಾಗಿ ಅಲ್ಲ. ಶಾಖ ಆಗಲೇ ಒಳಗೆ ಬಂದಾಯಿತು. ನಮ್ಮ ಹಿರಿಯರು ಬಿದಿರಿನ ತಟ್ಟಿಯನ್ನೂ ನೀರು ಚಿಮುಕಿಸಿದ ಲಾವಂಚದ ತೆರೆಯನ್ನೂ ಹೊರಗಡೆ ಕಟ್ಟುತ್ತಿದ್ದುದರಲ್ಲಿ ಈ ತಿಳಿವಳಿಕೆಯಿತ್ತು.

ಇನ್ನು ಅಳತೆ. ಪರದೆಯನ್ನು ಅಳೆಯಬೇಕಾದದ್ದು ಕಿಟಕಿಯಿಂದಲ್ಲ, ಅದನ್ನು ತೂಗಹಾಕುವ ಸರಳಿನಿಂದ. ಸರಳು ಕಿಟಕಿಯ ಎರಡೂ ಪಕ್ಕಕ್ಕೆ ಆರಾರು ಅಂಗುಲ ಚಾಚಿಕೊಂಡಿದ್ದರೆ, ಸರಿಸಿದ ಪರದೆ ಗೋಡೆಯ ಮೇಲೆ ನಿಲ್ಲುತ್ತದೆ. ಕಿಟಕಿಯ ಬೆಳಕನ್ನು ಕದಿಯುವುದಿಲ್ಲ. ಬಟ್ಟೆ ಸರಳಿನ ಉದ್ದದ ಎರಡರಷ್ಟಿರಬೇಕು. ತೆಳುವಾದ ಮಲ್ಲಿಗೆ ಎರಡೂವರೆ ಪಾಲು, ದಪ್ಪ ಬಟ್ಟೆಗೆ ಒಂದೂವರೆ ಪಾಲು ಸಲ್ಲುತ್ತದೆ. ಈ ಹೆಚ್ಚಿನ ಬಟ್ಟೆಯೇ ನಿರಿಗೆಯಾಗಿ, ಅಲೆಯಾಗಿ ನಿಲ್ಲುವುದು. ಇಲ್ಲಿ ಜಿಪುಣತನ ಮಾಡಿದರೆ ಬಾಗಿಲಿಗೆ ಒಣಗಹಾಕಿದ ಪಂಚೆಯಂತೆ ಕಾಣುತ್ತದೆ.

ಒಂದು ಲೆಕ್ಕ ನೋಡೋಣ. ಕಿಟಕಿ 48 ಅಂಗುಲ ಅಗಲ. ಸರಳು 60 ಅಂಗುಲ. ಬಟ್ಟೆ 120 ಅಂಗುಲ ಬೇಕು. ಅಂಗಡಿಯ ಬಟ್ಟೆಯ ಅಗಲ 48 ಅಂಗುಲವಾದರೆ ಎರಡೂವರೆ ತುಂಡು. ಪಕ್ಕದ ಮಡಿಕೆಗಳನ್ನೂ ಎಣಿಸಿ ಮೂರು ತುಂಡು ಕೊಳ್ಳಬೇಕು. ಸರಳಿನಿಂದ ನೆಲದ ಸಮೀಪಕ್ಕೆ 84 ಅಂಗುಲವೆನ್ನಿ. ಕೆಳಗಿನ ಇಮ್ಮಡಿ ಮಡಿಕೆಗೆ 8, ಮೇಲಕ್ಕೆ 4, ನೂಲು ಕುಗ್ಗುವುದಕ್ಕೆ 4, ಒಟ್ಟು 100 ಅಂಗುಲ. ಮೂರು ತುಂಡಿಗೆ 300 ಅಂಗುಲ, ಅಂದರೆ ಸುಮಾರು 7.6 ಮೀಟರು. ಮೂರು ತುಂಡನ್ನು ಎರಡು ಪರದೆಯಾಗಿ ಹಂಚುವಾಗ ಅರೆತುಂಡುಗಳು ಗೋಡೆಯ ಕಡೆಗಿರಬೇಕು; ಜೋಡಣೆಯ ಹೊಲಿಗೆ ಕಣ್ಣಿಗೆ ಬೀಳದು. ದೊಡ್ಡ ಚಿತ್ತಾರದ ಬಟ್ಟೆಯಾದರೆ ಹೂವಿಗೆ ಹೂವು ಕೂಡಿಸಲು ಇನ್ನಷ್ಟು ಬೇಕು.

ಹತ್ತಿ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಬೇಕು. ಕೈಮಗ್ಗದ ಬಟ್ಟೆಯಲ್ಲಿ ಅಡ್ಡನೂಲೊಂದನ್ನು ಸೆಳೆದು, ಆ ಗೆರೆಯ ಮೇಲೆ ಕತ್ತರಿಸಿದರೆ ಪರದೆ ಓರೆಯಾಗದೆ ನೆಟ್ಟಗೆ ಇಳಿಯುತ್ತದೆ. ಬಣ್ಣ ಮಾಸಬಾರದೆಂದರೆ ಬಿಸಿಲಿನ ಕಡೆಗೆ ಬಿಳಿಯ ಅಸ್ತರು ಕೊಡಿಸಬೇಕು. ಆದರೆ ಅದರ ಕೆಳ ಅಂಚನ್ನು ಪರದೆಯ ಅಂಚಿಗೆ ಸೇರಿಸಿ ಹೊಲಿಯಬಾರದು. ಒಗೆದಾಗ ಎರಡು ಬಟ್ಟೆ ಎರಡು ಬಗೆಯಾಗಿ ಕುಗ್ಗಿ ಸುಕ್ಕುಗಟ್ಟುತ್ತವೆ.

ಇಷ್ಟೆಲ್ಲ ಅಳತೆ ತಿಳಿದೂ ತಿಳಿಯದೆ ಉಳಿಯುವ ಅಳತೆಯೊಂದಿದೆ. ಅದನ್ನು ನನಗೆ ಕಲಿಸಿದವರು ನಮ್ಮ ಬೀದಿಯ ದರ್ಜಿ. ನನ್ನ ತಾಯಿ ಕೊನೆಯ ವರ್ಷ ಹಾಸಿಗೆ ಹಿಡಿದಿದ್ದರು. ಅವರ ಕೋಣೆಯ ಕಿಟಕಿ ಬೀದಿಗೆ ಮುಖಮಾಡಿತ್ತು. ದಾರಿಹೋಕರ ಕಣ್ಣಿಗೆ ತಾವು ಬೀಳಬಾರದು, ಆದರೆ ಎದುರಿನ ಬೇವಿನ ಮರ ತಮಗೆ ಕಾಣಬೇಕು, ಇದು ಅವರ ಬಯಕೆ. ದರ್ಜಿ ಬಂದವರು ಟೇಪು ಬಿಚ್ಚಲಿಲ್ಲ. ಮಂಚದ ಪಕ್ಕ ಕುಳಿತು, ತಲೆಯನ್ನು ದಿಂಬಿನ ಮಟ್ಟಕ್ಕೆ ತಗ್ಗಿಸಿ ಕಿಟಕಿಯನ್ನು ನೋಡಿದರು. "ಅಮ್ಮಾವ್ರು ಮಲಗಿರೋ ಮಟ್ಟದಿಂದ ಅಳತೆ ತೆಗೀಬೇಕು ಸ್ವಾಮಿ, ನಾವು ನಿಂತಿರೋ ಮಟ್ಟದಿಂದಲ್ಲ" ಎಂದರು. ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ಪರದೆ ಬಂತು. ಮಲಗಿದಲ್ಲಿಂದಲೇ ಸರಿಸಲು ಅದರ ಅಂಚಿಗೊಂದು ಸಣ್ಣ ಕೋಲು. ತಾಯಿ ದಿನಕ್ಕೆ ಎಷ್ಟೋ ಬಾರಿ ಅದನ್ನು ಸರಿಸುತ್ತಿದ್ದರು. ಯಾರನ್ನೂ ಕರೆಯದೆ ತಾವಾಗಿ ಮಾಡಬಲ್ಲ ಕೆಲಸಗಳಲ್ಲಿ ಆಗ ಅವರಿಗೆ ಉಳಿದಿದ್ದದ್ದು ಅದೊಂದೇ.

ಆ ಕೋಲಿನ ಉಪಾಯ ಮಕ್ಕಳಿರುವ ಮನೆಗೂ ಮುಖ್ಯವಾದುದು. ಎಳೆದು ಮೇಲೇರಿಸುವ ಪರದೆಗಳ ಜೋಲುಹಗ್ಗ ಎಳೆಯ ಮಕ್ಕಳ ಕೊರಳಿಗೆ ಸುತ್ತಿಕೊಂಡು ಪ್ರಾಣಾಪಾಯವಾದದ್ದುಂಟು. ಹಗ್ಗವಿಲ್ಲದ್ದನ್ನೇ ಆರಿಸುವುದು ಲೇಸು. ಆಗದಿದ್ದರೆ ತೊಟ್ಟಿಲನ್ನಾದರೂ ಕಿಟಕಿಯಿಂದ ದೂರವಿಡಬೇಕು.

ಇನ್ನು ಹಾಸು ಹೊದಿಕೆಗಳು. ದಿಂಬಿನ ಗವಸು, ಲೋಡು, ಹಚ್ಚಡ, ಜಮಖಾನ ಎಂದು ನಮ್ಮಲ್ಲಿ ಮಾತಿಗೂ ಬಡತನವಿಲ್ಲ, ವಸ್ತುವಿಗೂ ಇಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವನ್ನು ಹೆಂಗಸರು ನೆಟ್ಟಗೆ ನಿಂತ ಮಗ್ಗದಲ್ಲಿ ನೇಯುತ್ತಾರೆ. ಊರಿನ ಹೆಸರಿನಲ್ಲಿರುವ ನವಿಲು ಹಾಸಿನ ಮೇಲೂ ಕುಣಿಯುತ್ತದೆ. ಅದಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ದೊರೆತಿದೆ. ಉತ್ತರ ಕರ್ನಾಟಕದ ಕೌದಿಯಂತೂ ಮನೆತನದ ಚರಿತ್ರೆಯೇ ಸರಿ. ಅಜ್ಜಿಯ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಪದರಪದರವಾಗಿ ಕೂಡಿ, ಕೈಹೊಲಿಗೆಯ ಎಳೆಯಲ್ಲಿ ಒಂದಾಗುತ್ತವೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಇಂಥದನ್ನೇ 'ಕವಂದಿ' ಎಂದು ಕರೆದು, ಅಂಚಿನಿಂದ ಆರಂಭಿಸಿ ಸುತ್ತಿಸುತ್ತಿ ನಡುವಿಗೆ ಹೊಲಿದುಕೊಂಡು ಬರುತ್ತಾರೆ. ನಾಲ್ಕು ಮೂಲೆಗೂ ಹೂವಿನಂಥ ಮಡಿಕೆಯಿಟ್ಟ ಮೇಲೆಯೇ ಅವರಿಗೆ ಹೊದಿಕೆ ಪೂರ್ಣವಾಗುವುದು.

ಇಂದು ಅಂಗಡಿಗಳಲ್ಲಿ ಸಿದ್ಧಪರದೆಗಳು ಅಗ್ಗವಾಗಿ ದೊರೆಯುತ್ತವೆ. ಅವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅವು ಯಾರದೋ ಕಿಟಕಿಯ ಅಳತೆಗೆ, ಯಾರೂ ವಾಸಿಸದ ಮನೆಯೊಂದಕ್ಕೆ ಹೊಲಿದವು. ಬಟ್ಟೆ ಕೊಳ್ಳುವ ಮುನ್ನ ತಾವು ಒಂದು ರಜಾದಿನ ಆ ಕೋಣೆಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಗಳಿಗೆ ಕುಳಿತು ನೋಡಬೇಕು. ಬಿಸಿಲು ಎಲ್ಲಿ ಬೀಳುತ್ತದೆ, ಓದುವ ಹುಡುಗಿ ಎಲ್ಲಿ ಕೂರುತ್ತಾಳೆ, ಮುದುಕರ ಕುರ್ಚಿ ಯಾವ ಕಡೆಗೆ ತಿರುಗಿದೆ ಎಂಬುದನ್ನು ಕಂಡ ಮೇಲೆ ಟೇಪು ಹಿಡಿಯಬೇಕು. ಬರುವ ಅತಿಥಿ ಪರದೆಯನ್ನು ಮೆಚ್ಚಿ ಗಳಿಗೆಯೊಳಗೆ ಎದ್ದುಹೋಗುತ್ತಾನೆ. ಅದರ ನೆರಳಿನಲ್ಲೂ ಬೆಳಕಿನಲ್ಲೂ ಬಾಳುವವರು ಮನೆಯವರು.