ಸುರುಳಿ ಕೇಬಲ್: ಸಂಚಾರಿ ವ್ಯವಹಾರಸ್ಥರ ಕೈಚೀಲದಲ್ಲೊಂದು ಉಪಯುಕ್ತ ಸಾಧನ

ಬಳಗಾನೂರು, ಮಸ್ಕಿ, ಸಿಂಧನೂರು ಹಾಗೂ ಲಿಂಗಸುಗೂರು ಪೇಟೆಗಳ ವರ್ತಕರಿಗೆ ಪಿಗ್ಮಿ ಏಜೆಂಟರ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ಅಂಗಡಿಯಿಂದ ಅಂಗಡಿಗೆ ನಡೆದು, ದಿನದ ಉಳಿತಾಯವನ್ನು ಪಡೆದು, ಕೈಯಲ್ಲಿರುವ ಯಂತ್ರದಿಂದ ಚೀಟಿ ಹರಿದುಕೊಟ್ಟು ಮುಂದೆ ಸಾಗುವ ಈ ವ್ಯವಸ್ಥೆ ಕರ್ನಾಟಕದ್ದೇ ಕೊಡುಗೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿನಲ್ಲಿಯೇ ಸ್ವೀಕರಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಆದರೆ ಪಿಗ್ಮಿ ಎಂಬ ಪದವು ಪತ್ತಿನ ಸಹಕಾರಿಗಳ ಮೂಲಕ ನಮ್ಮ ಪೇಟೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಪುಸ್ತಕದ ಜಾಗಕ್ಕೆ ಯಂತ್ರ ಬಂದಾಗ ಅದರೊಡನೆ ಒಂದು ಕೇಬಲ್ಲೂ ಬಂದಿತು. ಬೆಳಿಗ್ಗೆ ಕಚೇರಿಯ ಗಣಕಯಂತ್ರದಿಂದ ಠೇವಣಿದಾರರ ಪಟ್ಟಿ ಹಾಗೂ ಬಾಕಿ ಮೊತ್ತಗಳು ಕೈಯಂತ್ರಕ್ಕೆ ಇಳಿಯುತ್ತವೆ. ಸಂಗ್ರಹ ಮುಗಿದ ಮೇಲೆ ದಿನದ ಜಮೆಗಳು ಅದೇ ದಾರಿಯಲ್ಲಿ ಹಿಂದಕ್ಕೆ ಏರುತ್ತವೆ. ತಂತ್ರಜ್ಞರು ಇದನ್ನು ಸಿಂಕ್ ಎನ್ನುತ್ತಾರೆ. ನಮ್ಮ ಹಿರಿಯರ ಭಾಷೆಯಲ್ಲಿ ಹೇಳುವುದಾದರೆ ಇದು ಕಿರ್ದಿಯನ್ನು ಖಾತೆಗೆ ಏರಿಸುವ ಕೆಲಸವೇ ಹೊರತು ಬೇರೇನಲ್ಲ. ಗುಮಾಸ್ತನ ಲೇಖನಿ ಮಾಡುತ್ತಿದ್ದುದನ್ನು ಇಲ್ಲಿ ನಾಲ್ಕು ಎಳೆಗಳ ತಂತಿ ಮಾಡುತ್ತದೆ. ಈಚೆಗೆ ಅನೇಕ ಕಡೆ ಮೊಬೈಲ್ ಜಾಲದ ಮೂಲಕವೇ ಜಮೆ ಏರಿಸುವ ಪದ್ಧತಿ ಬಂದಿದೆಯಾದರೂ, ದಿನವಿಡೀ ದುಡಿಯುವ ಯಂತ್ರಕ್ಕೆ ಚಾರ್ಜ್ ಮಾಡುವ ಅಗತ್ಯವಂತೂ ತಪ್ಪಿಲ್ಲ.

ಕೈಯಲ್ಲಿ ಹಿಡಿಯುವ ಗಣಕಯಂತ್ರದ ಕನಸನ್ನು ಕರ್ನಾಟಕ ಬಹುಮುಂಚೆಯೇ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಸೇರಿ ರೂಪಿಸಿದ ಸಿಂಪ್ಯೂಟರ್, 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹಾಗೂ ಪಿಕೋಪೀಟಾ ಸಂಸ್ಥೆಗಳ ಮೂಲಕ ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಒಂದೇ ಯಂತ್ರವನ್ನು ಸ್ಮಾರ್ಟ್ ಕಾರ್ಡಿನ ನೆರವಿನಿಂದ ಊರಿನ ಹಲವರು ಹಂಚಿಕೊಳ್ಳಬಹುದೆಂಬುದು ಅದರ ಮೂಲ ವಿಚಾರ. ಮೊಬೈಲ್ ಫೋನಿನ ವೇಗದೆದುರು ಅದು ನಿಲ್ಲಲಿಲ್ಲ. ಆದರೆ ಆ ಕಾಲದಲ್ಲಿಯೇ ಪಾಮ್, ಐಪ್ಯಾಕ್ ಮುಂತಾದ ಕೈಯಂತ್ರಗಳನ್ನು ಹಿಡಿದು ಊರೂರು ತಿರುಗುತ್ತಿದ್ದವರಿಗಾಗಿ ಹುಟ್ಟಿದ ಒಂದು ಚಿಕ್ಕ ಸಾಧನ ಮಾತ್ರ ಉಳಿದುಕೊಂಡಿತು. ಅದೇ ಈ ಲೇಖನದ ವಿಷಯವಾದ ಸುರುಳಿ ಕೇಬಲ್.

ನೋಡಲು ಇದು ಮೇಸ್ತ್ರಿಗಳ ಅಳತೆ ಟೇಪಿನಂತಿರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಪ್ಪಟೆ ಡಬ್ಬಿ. ಒಳಗೆ ಗಡಿಯಾರದಲ್ಲಿರುವಂಥ ಸ್ಪ್ರಿಂಗ್. ಎರಡು ಬದಿಗಳಿಂದ ಹೊರಟ ಚಪ್ಪಟೆ ತಂತಿ. ಎರಡೂ ತುದಿಗಳನ್ನು ಏಕಕಾಲಕ್ಕೆ ಸಮನಾಗಿ ಎಳೆದರೆ ತಂತಿ ಬಿಚ್ಚಿಕೊಂಡು ಬೇಕಾದ ಉದ್ದಕ್ಕೆ ನಿಲ್ಲುತ್ತದೆ. ಮತ್ತೊಮ್ಮೆ ತುಸು ಎಳೆದು ಬಿಟ್ಟರೆ ಒಳಸೇರುತ್ತದೆ. ಒಂದೇ ತುದಿಯನ್ನು ಎಳೆಯುವುದೇ ಇದನ್ನು ಕೆಡಿಸುವ ಮುಖ್ಯ ಕಾರಣ. ಹಾಗೆ ಎಳೆದಾಗ ಸುರುಳಿ ಓರೆಯಾಗಿ, ಒಳಗಿನ ತಂತಿ ಮಡಚಿಕೊಂಡು ಎಳೆಗಳು ಕಡಿಯುತ್ತವೆ.

ಇದರ ಗುಣಕ್ಕೂ ದೋಷಕ್ಕೂ ಮೂಲ ಒಂದೇ: ತಂತಿಯ ತೆಳುತನ. ಸುರುಳಿಯಾಗಿ ಕೂರಬೇಕಾದರೆ ತಂತಿ ತೆಳುವಾಗಿರಲೇಬೇಕು. ತೆಳುವಾದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚು. ಯುಎಸ್‌ಬಿ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿರುವ 28 ಗೇಜಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.21 ಓಮ್ ತಡೆಯಿದೆ. 80 ಸೆಂಟಿಮೀಟರ್ ಉದ್ದದ ಕೇಬಲ್ಲಿನಲ್ಲಿ ಹೋಗುವ ದಾರಿ, ಬರುವ ದಾರಿ ಎರಡನ್ನೂ ಸೇರಿಸಿದರೆ ಒಟ್ಟು 0.34 ಓಮ್. ಯುಎಸ್‌ಬಿ 2.0 ಗಣಕಯಂತ್ರದ ಕಿಂಡಿ ಕೊಡುವ ಅರ್ಧ ಆಂಪಿಯರಿನಲ್ಲಿ ನಷ್ಟ 0.17 ವೋಲ್ಟ್ ಮಾತ್ರ, ಅದನ್ನು ಗಮನಿಸಬೇಕಾಗಿಲ್ಲ. ಆದರೆ 2 ಆಂಪಿಯರಿನ ಮೊಬೈಲ್ ಚಾರ್ಜರಿಗೆ ಇದನ್ನು ಸಿಕ್ಕಿಸಿದರೆ ನಷ್ಟ 0.68 ವೋಲ್ಟಿಗೇರಿ, ಹೊರಟ 5 ವೋಲ್ಟಿನಲ್ಲಿ ಫೋನಿಗೆ ತಲಪುವುದು 4.3 ವೋಲ್ಟ್ ಮಾತ್ರ. ಆಗ ಫೋನು ತಾನಾಗಿಯೇ ವಿದ್ಯುತ್ತನ್ನು ಕಡಿಮೆ ಸೆಳೆಯುತ್ತದೆ. "ಚಾರ್ಜರ್ ಕೆಟ್ಟಿದೆ" ಎಂದು ಅಂಗಡಿಗೆ ಬಂದು ದೂರುವ ಗ್ರಾಹಕರಲ್ಲಿ ಅನೇಕರ ನಿಜವಾದ ತೊಂದರೆ ಇದೇ. ಕಾಲುಭಾಗಕ್ಕಿಂತ ದಪ್ಪವಿಲ್ಲದ ಕೊಳವೆಯಿಂದ ಗದ್ದೆಗೆ ನೀರು ಬಿಟ್ಟು ಪಂಪಿನ ಮೇಲೆ ತಪ್ಪು ಹೊರಿಸಿದಂತೆ! ಆದ್ದರಿಂದ ರಾತ್ರಿಯ ಚಾರ್ಜಿಗೆ ಮನೆಯಲ್ಲಿ ದಪ್ಪ ಕೇಬಲ್, ಸಂಚಾರಕ್ಕೆ ಹಾಗೂ ಲೆಕ್ಕ ಏರಿಸುವುದಕ್ಕೆ ಸುರುಳಿ ಕೇಬಲ್ ಎಂಬ ವಿಭಾಗವೇ ಸೂಕ್ತವೆಂದು ನನ್ನ ಅಭಿಪ್ರಾಯ.

ಲೆಕ್ಕ ಏರಿಸುವ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಾಲ್ಕು ಎಳೆಗಳಲ್ಲಿ ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಮಾಹಿತಿಯ ಎಳೆ ಕಡಿದರೂ ಚಾರ್ಜ್ ಆಗುತ್ತಲೇ ಇರುತ್ತದೆ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ದೀಪ ಉರಿಯುತ್ತಿರುವುದನ್ನು ಕಂಡು ಕೇಬಲ್ ಸರಿಯಿದೆಯೆಂದು ಭಾವಿಸುವುದು ಸಹಜ.

ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಗೆ ಬರುತ್ತಿದ್ದ ಏಜೆಂಟರೊಬ್ಬರಿಗೆ ಆದುದೂ ಇದೇ. ದಿನವಿಡೀ ಸಂಗ್ರಹಿಸಿದ ಹಣವನ್ನು ಅವರು ಕಚೇರಿಗೆ ಕಟ್ಟಿದ್ದರು. ಆದರೆ ಯಂತ್ರವನ್ನು ಗಣಕಯಂತ್ರ ಗುರುತಿಸಲೇ ಇಲ್ಲ. ಹಿಂದಿನ ದಿನದ ಲೆಕ್ಕ ಏರುವವರೆಗೆ ಹೊಸ ಜಮೆಯನ್ನು ಆ ಯಂತ್ರ ಸ್ವೀಕರಿಸುತ್ತಿರಲಿಲ್ಲ. ಮರುದಿನ ಅವರು ಬರಲಿಲ್ಲ, ಮೂರನೆಯ ದಿನವೂ ಬರಲಿಲ್ಲ. ತರಕಾರಿ ಮಾರುವ ಅಮ್ಮನೊಬ್ಬರು ಚೀಟಿ ಹಿಡಿದು ನಮ್ಮ ಅಂಗಡಿಗೇ ಬಂದು, "ಸಾವಕಾರ್ರೀ, ನನ್ನ ರೊಕ್ಕ ಜಮಾ ಆಗೇದೋ ಇಲ್ಲೋ ಕೇಳ್ರಿ" ಎಂದರು. ಅವರ ಮಗಳ ಮದುವೆ ಹತ್ತಿರದಲ್ಲಿತ್ತು. ಕಚೇರಿಯಲ್ಲಿ ಏಜೆಂಟರ ಪ್ರಾಮಾಣಿಕತೆಯನ್ನೇ ಶಂಕಿಸುವ ಮಾತುಗಳೂ ಕೇಳಿಬಂದವಂತೆ. ಕೊನೆಗೆ ಸಿಂಧನೂರಿನಿಂದ ಬೇರೊಂದು ಕೇಬಲ್ ತರಿಸಿ ಸಿಕ್ಕಿಸಿದಾಗ ಕೆಲವೇ ನಿಮಿಷಗಳಲ್ಲಿ ಪೈಸೆ ಪೈಸೆಗೂ ಲೆಕ್ಕ ತಾಳೆಯಾಯಿತು. ಮೂರು ದಿನ ಒಬ್ಬ ಮನುಷ್ಯನ ಮಾನವನ್ನು ತೂಗಿಸಿದ್ದು ಕಡಿದ ಎಳೆಯೊಂದು.

ಕೆಟ್ಟ ಕೇಬಲ್ಲಿನಿಂದ ಮೊತ್ತಗಳೇ ಬದಲಾಗಿಬಿಡುತ್ತವೆಯೆಂಬ ಭಯವೂ ಆಗ ಹರಡಿತ್ತು. ಯುಎಸ್‌ಬಿ ವ್ಯವಸ್ಥೆಯಲ್ಲಿ ಮಾಹಿತಿಯ ಪ್ರತಿಯೊಂದು ಕಂತಿನೊಡನೆಯೂ ತಪಾಸಣೆಯ ಅಂಕಿಯೊಂದು ಸಾಗುತ್ತದೆ. ತಾಳೆಯಾಗದ ಕಂತನ್ನು ಮತ್ತೆ ಕಳುಹಿಸಲಾಗುತ್ತದೆ. ಎಳೆ ಕಡಿದರೆ ಲೆಕ್ಕ ನಿಲ್ಲುತ್ತದೆ. ಐನೂರು ಐದು ಸಾವಿರವಾಗುವುದಿಲ್ಲ.

ಸಂಚಾರದಲ್ಲಿ ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿಯೂ ಉಂಟು. ನಿಲ್ದಾಣ, ಹೋಟೆಲುಗಳಲ್ಲಿ ಕಾಣುವ ಯುಎಸ್‌ಬಿ ಕಿಂಡಿಗೆ ಫೋನನ್ನು ನೇರವಾಗಿ ಸಿಕ್ಕಿಸಿದರೆ ಮಾಹಿತಿ ಕಳುವಾಗುವ ಸಾಧ್ಯತೆಯಿದೆಯೆಂದು ಭಾರತೀಯ ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಹೊರತಂದ ವಂಚನೆ ಕುರಿತ ಕಿರುಹೊತ್ತಿಗೆಯಲ್ಲಿ ಎಚ್ಚರಿಸಿದೆ. ಸ್ವಂತ ಚಾರ್ಜರನ್ನು ಗೋಡೆಯ ಸಾಕೆಟ್ಟಿಗೆ ಹಾಕುವುದು ಕ್ಷೇಮ. ಮಾಹಿತಿಯ ಎಳೆಗಳಿಲ್ಲದ ಕೇಬಲ್, ಪಿಗ್ಮಿ ಯಂತ್ರಕ್ಕೆ ನಿರುಪಯೋಗಿಯಾದರೂ, ಇಲ್ಲಿ ಮಾತ್ರ ವರವಾಗುತ್ತದೆ.

ಖರೀದಿಸುವಾಗ ತುದಿಯ ಆಕಾರವನ್ನು ನೋಡಬೇಕು. ಹಳೆಯ ಯಂತ್ರಗಳಿಗೆ ಮಿನಿ, ಅನಂತರದವಕ್ಕೆ ಮೈಕ್ರೋ, ಈಗಿನವಕ್ಕೆ 2014ರಲ್ಲಿ ರೂಪುಗೊಂಡ ಟೈಪ್-ಸಿ. ಭಾರತೀಯ ಮಾನಕ ಬ್ಯೂರೋ ಟೈಪ್-ಸಿ ಕುರಿತ ಮಾನಕವನ್ನು ಪ್ರಕಟಿಸಿದೆ. ಯೂರೋಪ್ ಒಕ್ಕೂಟದಲ್ಲಿ ಹೊಸ ಫೋನುಗಳಿಗೆ ಇದು 2024ರ ಡಿಸೆಂಬರ್ 28ರಿಂದ ಕಡ್ಡಾಯವಾಗಿದೆ. ಅಂಗಡಿಯವರು ಮೊಬೈಲ್ ಸಿಕ್ಕಿಸಿ ಚಾರ್ಜ್ ಆಗುವುದನ್ನು ತೋರಿಸಿದರೆ ಸಾಲದು. ಗಣಕಯಂತ್ರಕ್ಕೆ ಜೋಡಿಸಿ ಒಂದು ಚಿತ್ರವನ್ನಾದರೂ ವರ್ಗಾಯಿಸಿ ತೋರಿಸುವಂತೆ ಕೇಳಬೇಕು. ಭತ್ತದ ಸುಗ್ಗಿಯಲ್ಲಿ ಧೂಳು, ತೌಡು ಕಿಂಡಿಯೊಳಗೆ ಸೇರಿ ತುದಿ ಪೂರ್ತಿ ಕೂರದಂತಾಗುತ್ತದೆ. ಯಂತ್ರವನ್ನು ಆರಿಸಿ, ಒಣಗಿದ ಮೃದು ಕುಂಚದಿಂದ ಅದನ್ನು ತೆಗೆಯಬಹುದು, ಪಿನ್ನಿನಿಂದ ಕೆದಕಬಾರದು.

ಆ ಏಜೆಂಟರು ಈಗಲೂ ನಮ್ಮ ಅಂಗಡಿಗೆ ಬರುತ್ತಾರೆ. ಅವರ ಚೀಲದಲ್ಲಿ ಎರಡು ಸುರುಳಿ ಕೇಬಲ್ಲುಗಳಿವೆ. ಕಚೇರಿಯ ಲೆಕ್ಕಕ್ಕೆ ಮೀಸಲಾದುದಕ್ಕೆ ಕೆಂಪು ದಾರ ಕಟ್ಟಿದ್ದಾರೆ. ಅದನ್ನು ಚಾರ್ಜಿಗಾಗಿ ಯಾರು ಕೇಳಿದರೂ ಕೊಡುವುದಿಲ್ಲ.