ಗೋಡೆಯಿಲ್ಲದ ಜೈಲು, ಬಾಗಿಲು ಮುಚ್ಚಿದ ಪೇಟೆ

ಸಾಂಗಲಿ ಜಿಲ್ಲೆಯ ಆಟಪಾಡಿ ನಮ್ಮ ಜತ್ತ ಸೀಮೆಗೆ ದೂರವೇನಲ್ಲ. ಅಲ್ಲಿನ ಸ್ವತಂತ್ರಪುರದ ಹೆಸರು ಕೇಳಿದವರು ಕಡಿಮೆ. ಆದರೆ ವ್ಹಿ. ಶಾಂತಾರಾಮರ ‘ದೋ ಆಂಖೇ ಬಾರಹ ಹಾಥ್’ (1957) ಸಿನಿಮಾ ನಮ್ಮ ಹಿರಿಯರಿಗೆ ಗೊತ್ತು. ಆರು ಮಂದಿ ಕೊಲೆಗಾರರನ್ನು ಬಯಲಿಗೆ ಕರೆತಂದು ಒಕ್ಕಲುತನ ಮಾಡಿಸುವ ಜೈಲರನ ಆ ಕತೆಗೆ ಪ್ರೇರಣೆ ಈ ಸ್ವತಂತ್ರಪುರವೇ.

ಆಗ ಆಟಪಾಡಿ ಔಂಧ ಸಂಸ್ಥಾನದ್ದು. ಇಂದಿನ ವಿಜಯಪುರ ಜಿಲ್ಲೆಯ ಗುಣದಾಳವೂ ಅದೇ ಸಂಸ್ಥಾನಕ್ಕೆ ಸೇರಿತ್ತು. ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯಲ್ಲಿದ್ದ ಪೋಲೆಂಡಿನ ಇಂಜಿನಿಯರ್ ಮಾರಿಸ್ ಫ್ರಿಡ್ಮನ್ ಔಂಧಕ್ಕೆ ಬಂದರು. ಅವರ ಮಾತಿನಂತೆ 1930ರ ದಶಕದ ಕೊನೆಗೆ ಈ ಬಯಲು ಜೈಲು ಹುಟ್ಟಿತು. ಎತ್ತರದ ಗೋಡೆಯಿಲ್ಲ, ಬೇಡಿಯಿಲ್ಲ. ಕೈದಿ ಹೆಂಡತಿ-ಮಕ್ಕಳೊಂದಿಗೆ ಇದ್ದು ಹೊಲ ಮಾಡಬೇಕು, ದುಡಿದು ಬದುಕಬೇಕು.

ಅಮೆರಿಕ ಹಿಡಿದದ್ದು ಬೇರೆಯೇ ದಾರಿ. 1983ರಲ್ಲಿ ಜಾರ್ಜಿಯಾ, ಓಕ್ಲಹೋಮಾ ರಾಜ್ಯಗಳಲ್ಲಿ ‘ಬೂಟ್ ಕ್ಯಾಂಪ್’ ಶುರುವಾದವು. ತಲೆ ಬೋಳಿಸಿ, ನಸುಕಿನಲ್ಲೇ ಎಬ್ಬಿಸಿ, ಸಿಪಾಯಿಗಳಂತೆ ಕವಾಯತು ಮಾಡಿಸಿ ಕೆಲವೇ ತಿಂಗಳಲ್ಲಿ ಮನೆಗೆ ಕಳಿಸುವುದು. ಮುಂದೆ ಸಂಶೋಧಕರು ಲೆಕ್ಕ ತೆಗೆದಾಗ, ಹೀಗೆ ಬಂದವರು ಮತ್ತೆ ಅಪರಾಧ ಮಾಡುವ ಪ್ರಮಾಣ ಉಳಿದ ಕೈದಿಗಳಿಗಿಂತ ಸರಾಸರಿಯಲ್ಲಿ ಕಡಿಮೆಯೇನೂ ಇರಲಿಲ್ಲ. ಕವಾಯತು ಕಲಿತರೆ ಸಾಕೇ? ಊರಲ್ಲಿ ಕೆಲಸ ಕೊಡುವವರು ಯಾರು?

ಈ ಪ್ರಶ್ನೆ ನಮ್ಮ ಪೇಟೆಗೂ ಬರುತ್ತದೆ. ಶಿಕ್ಷೆ ಮುಗಿಸಿ ಬಂದವನೊಬ್ಬ ನಮ್ಮ ಅಡತಿ ಅಂಗಡಿಯಲ್ಲಿ ಹಮಾಲಿ ಕೇಳಿದಾಗ ಮಗ್ಗುಲ ಅಂಗಡಿಯವರು, “ಸಾವಕಾರ್ರ, ಇವನ್ನ ಯಾಕ ಇಟ್ಕೋತೀರಿ? ನಾಳೆ ಗಲ್ಲಾಕ್ಕ ಕೈ ಹಾಕಿದ್ರ ಏನ್ ಮಾಡ್ತೀರಿ?” ಅಂದರು. ಅವರ ಅಂಜಿಕೆಯೂ ಸುಳ್ಳಲ್ಲ. ನಾನು ಇಟ್ಟುಕೊಂಡೆ, ಆದರೆ ಗಲ್ಲಾದ ಹತ್ತಿರ ಬಿಡಲಿಲ್ಲ. ಚೀಲ ಹೊರುವುದು, ವಾರಕ್ಕೊಮ್ಮೆ ಪಗಾರ. ಒಂದು ಹಂಗಾಮು ನೋಡಿ ತೂಕದ ಚೀಟಿ ಬರೆಯಲು ಕೂಡಿಸಿದೆ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಲಿಲ್ಲ. ಎಲ್ಲರೂ ಹೀಗೇ ಇರುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಪರೀಕ್ಷೆಗೇ ಕೂಡಿಸದಿದ್ದರೆ ಪಾಸಾಗುವುದು ಹ್ಯಾಂಗ?

ಆ ಸಿನಿಮಾದಲ್ಲಿ ಕೈದಿಗಳು ಬೆಳೆದ ಕಾಯಿಪಲ್ಲೆ ಪೇಟೆಗೆ ಬಂದಾಗ ಅಡ್ಡಗಾಲು ಹಾಕಿದವರು ವ್ಯಾಪಾರಿಗಳು. ಇದನ್ನು ನಾವು ಮರೆಯಬಾರದು. ಜೈಲು ಶಿಸ್ತು ಕಲಿಸೀತು, ಕೆಲಸ ಕಲಿಸೀತು. ಪಗಾರ, ಪತ್ತು, ನಾಲ್ಕು ಮಂದಿಯಲ್ಲಿ ಕೂಡುವ ಜಾಗ ಕೊಡಬೇಕಾದದ್ದು ಊರು. ಮರಳಿ ಬಂದವನ ಕೈಗೆ ಮೊದಲ ದಿನವೇ ಬೀಗದ ಕೈ ಕೊಡಬೇಕಾಗಿಲ್ಲ. ಸುಗ್ಗಿಯಲ್ಲಿ ಒಂದು ಆಳಿನ ಕೆಲಸ ಕೊಟ್ಟು, ಸಂಜೆಗೆ ಲೆಕ್ಕ ಚುಕ್ತಾ ಮಾಡಿರಿ, ಅಷ್ಟು ಸಾಕು.