ಗಂಗಾಳದ ಪ್ರಮಾಣ

ಕೊಳಗಲ್ಲು ಮೊದಲಾದ ಬಳ್ಳಾರಿ ಸೀಮೆಯ ಗ್ರಾಮಗಳಲ್ಲಿ ಹಿಂದೆ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಚಟ್ನಿ, ಮಜ್ಜಿಗೆಗಳು ಒಂದೇ ಗಂಗಾಳದಲ್ಲಿ ಕೂಡಿಬರುತ್ತಿದ್ದುದರಿಂದ, ಸಮತೋಲ ಆಹಾರವೆಂಬ ಮಾತನ್ನೇ ಕೇಳದ ತಾಯಂದಿರೂ ಅದನ್ನು ಬಡಿಸುತ್ತಿದ್ದರು. ತುಂಗಭದ್ರೆಯ ಕಾಲುವೆಗಳು ಸಿರುಗುಪ್ಪದ ಕಡೆಯ ಎರೆಭೂಮಿಯನ್ನು ಭತ್ತದ ಗದ್ದೆಯಾಗಿ ಮಾರ್ಪಡಿಸಿದ ತರುವಾಯ ಅನ್ನವು ಸುಲಭಲಭ್ಯವಾಗಿ, ಮಕ್ಕಳ ತಟ್ಟೆಯ ಬಹುಭಾಗವನ್ನು ಅದೊಂದೇ ಆಕ್ರಮಿಸಿತು. ಅನ್ನದ ತಪ್ಪೇನೂ ಇಲ್ಲ. ಅದರ ಪಕ್ಕದಲ್ಲಿರಬೇಕಾದ ಬೇಳೆ, ಸೊಪ್ಪು, ತರಕಾರಿಗಳು ಕುಗ್ಗಿದುದೇ ತೊಂದರೆ.

ಪ್ರಮಾಣದ ವಿಷಯದಲ್ಲಿ ಗೃಹಿಣಿಯರಿಗೆ ಯೋಗ್ಯವಾದ ಮಾದರಿಯೊಂದು ಊರ ಶಾಲೆಯಲ್ಲಿಯೇ ಇದೆ. ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬಿಸಿಯೂಟದ ನಿಯಮದಂತೆ 1ರಿಂದ 5ನೆಯ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ನೆಯ ತರಗತಿಯವರಿಗೆ 150, 30, 75 ಗ್ರಾಂ. ಇವೆಲ್ಲ ಹಸಿಯ ತೂಕವಾದ್ದರಿಂದ, ಆ 100 ಗ್ರಾಂ ಅಕ್ಕಿ ಬೆಂದಾಗ ಎರಡೂವರೆ ಪಟ್ಟಿಗೂ ಮಿಕ್ಕು ತೂಗುವುದೆಂಬುದನ್ನು ನೆನಪಿನಲ್ಲಿಡಬೇಕು. 2021ರ ಡಿಸೆಂಬರಿನಿಂದ ಈ ಭಾಗದ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣೂ ದೊರೆಯತೊಡಗಿತು. ಆರರ ಬಾಲಕನಿಗೂ ಹದಿಮೂರರ ಬಾಲಕಿಗೂ ಒಂದೇ ಅಳತೆಯಲ್ಲವೆಂಬ ಈ ವಿವೇಕ, ಎಲ್ಲರ ಮುಂದೆಯೂ ಒಂದೇ ಗಾತ್ರದ ತಟ್ಟೆಯಿಟ್ಟು ತುಂಬಿಸುವ ನಮ್ಮ ಅಡುಗೆಮನೆಗಳಲ್ಲಿ ಅಪರೂಪ.

ಅದಕ್ಕಿಂತ ಕಠಿನವಾದುದು ಅಜ್ಜಿಯಂದಿರ ಕಡೇ ತುತ್ತು. “ಇದೊಂದು ತುತ್ತು ಉಣ್ಣಪ್ಪಾ, ಕಾಗೆ ಬಂತು ನೋಡು” ಎನ್ನುವ ಅಂತಃಕರಣವನ್ನು ಯಾರು ಹಳಿಯಬಲ್ಲರು? ಆದರೆ ಹುಟ್ಟಿದ ಮೊದಲ ವರ್ಷದಲ್ಲಿ ತೂಕವನ್ನು ಮೂರು ಪಟ್ಟು ಹೆಚ್ಚಿಸಿಕೊಳ್ಳುವ ಶಿಶು, ಎರಡು ತುಂಬಿದ ಬಳಿಕ ವರ್ಷಕ್ಕೆ ಸುಮಾರು ಎರಡು ಕಿಲೋ ಮಾತ್ರ ಬೆಳೆಯುವುದರಿಂದ, ಅದರ ಹಸಿವೂ ಸಹಜವಾಗಿ ತಗ್ಗುತ್ತದೆ. ಮನೆಯವರು ಇದನ್ನು ರೋಗವೆಂದೋ ಹಠವೆಂದೋ ಬಗೆಯುತ್ತಾರೆ. ಅಮೆರಿಕದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಡಿಸಿದುದು ಹೆಚ್ಚಾದರೂ ಮೂರರ ಮಕ್ಕಳು ತಮಗೆ ಬೇಕಾದಷ್ಟನ್ನೇ ಉಂಡರು. ಐದರ ಮಕ್ಕಳಾದರೋ ಹೆಚ್ಚು ಬಡಿಸಿದಂತೆ ಹೆಚ್ಚು ಉಂಡರು. ಒಳಗಿನ ಹಸಿವನ್ನು ಬಿಟ್ಟು ಹೊರಗಿನ ತಟ್ಟೆಯನ್ನು ನೋಡಿ ಉಣ್ಣುವ ಅಭ್ಯಾಸ ಆ ನಡುವೆ ಅಂಟಿಕೊಳ್ಳುತ್ತದೆಯೆಂದಾಯಿತು.

ಆದುದರಿಂದ ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ಅಧಿಕಾರವಾಗಿರಲಿ. ಎಷ್ಟು ಉಣ್ಣಬೇಕೆಂಬುದು ಮಗುವಿನದು. ಮೊದಲು ಕಡಿಮೆ ಬಡಿಸಿ, ಕೇಳಿದರೆ ಮತ್ತೆ ಬಡಿಸುವುದು ಲೇಸು. ಹೀರೇಕಾಯಿ ಬೇಡವೆಂದ ಮಗುವಿಗೆ ಬೈಗುಳವಿಲ್ಲದೆ ಎಂಟು ಹತ್ತು ಸಲವಾದರೂ ಒಂದೆರಡು ಹೋಳು ತೋರಿಸುತ್ತಿರಬೇಕಾಗುತ್ತದೆ.

ಇನ್ನು ಸಂಜೆಯ ಒಗ್ಗರಣೆ ಮಂಡಕ್ಕಿ, ಮಿರ್ಚಿಗಳನ್ನು ಬಳ್ಳಾರಿಯಲ್ಲಿ ನಿಷೇಧಿಸೆಂದು ಹೇಳುವ ಧೈರ್ಯ ನನಗಂತೂ ಇಲ್ಲ. ಆದರೆ ಏಳಕ್ಕೆ ಪೊಟ್ಟಣ ಮುಗಿಸಿದ ಹುಡುಗ ಎಂಟಕ್ಕೆ ರೊಟ್ಟಿ ಒಲ್ಲೆನೆಂದರೆ ಅವನ ತಪ್ಪಿಲ್ಲ. ಶಾಲೆಯಿಂದ ಬಂದೊಡನೆಯೇ ಬಟ್ಟಲಿನಷ್ಟು ಮಂಡಕ್ಕಿಗೆ ಹುರಿದ ಶೇಂಗಾ, ಈರುಳ್ಳಿ, ಟೊಮ್ಯಾಟೊ ಬೆರೆಸಿಕೊಟ್ಟು, ಮಿರ್ಚಿಯನ್ನು ಸಂತೆಯ ದಿನಕ್ಕೆ ಉಳಿಸಬಹುದು.